ಹೆದ್ದಾರಿಯ ಮಗ್ಗುಲಲ್ಲಿ ಕಾರಿನ ಮಳಿಗೆ

ರಸ್ತೆಗೆ ಎರಡು ಕೆಲಸಗಳುಂಟು. ದೂರದ ಊರುಗಳ ನಡುವೆ ಜನರನ್ನೂ ಸರಕನ್ನೂ ಸಾಗಿಸುವುದು ಒಂದು. ತನ್ನ ಇಕ್ಕೆಲದ ಮನೆ, ಅಂಗಡಿ, ಹೊಲಗದ್ದೆಗಳಿಗೆ ಬಾಗಿಲಾಗುವುದು ಇನ್ನೊಂದು. ಎತ್ತಿನ ಗಾಡಿಯ ಕಾಲದಲ್ಲಿ ಈ ಎರಡಕ್ಕೂ ಪರಸ್ಪರ ವಿರೋಧವಿರಲಿಲ್ಲ. ಗಂಟೆಗೆ ನಾಲ್ಕೈದು ಕಿಲೋಮೀಟರು ಸಾಗುವ ಗಾಡಿ ಯಾರ ಮನೆಯ ಮುಂದೆ ನಿಂತರೂ, ಯಾವ ಓಣಿಗೆ ತಿರುಗಿದರೂ ಹಿಂದೆ ಬರುವವನಿಗೆ ಅಪಾಯವಾಗುತ್ತಿರಲಿಲ್ಲ. ಮೋಟಾರು ವಾಹನ ಬಂದಮೇಲೆ ಈ ಸೌಹಾರ್ದ ಮುರಿಯಿತು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡುವ ವಾಹನವೂ, ನಿಂತಲ್ಲಿಂದ ಹೊರಟು ಮೆಲ್ಲನೆ ರಸ್ತೆಗೆ ಇಳಿಯುವ ವಾಹನವೂ ಒಂದೇ ಜಾಗವನ್ನು ಬಯಸಿದಾಗ ತೊಡಕು ಆರಂಭವಾಗುತ್ತದೆ. 1963ರಲ್ಲಿ ಬ್ರಿಟನ್ನಿನಲ್ಲಿ ಕಾಲಿನ್ ಬ್ಯುಕ್ಯಾನನ್ ಅವರ ನೇತೃತ್ವದಲ್ಲಿ ಸಿದ್ಧವಾದ ಪಟ್ಟಣ ಸಂಚಾರದ ವರದಿಯು ಊರನ್ನು ಒಂದು ದೊಡ್ಡ ಕಟ್ಟಡಕ್ಕೆ ಹೋಲಿಸಿತು. ಕಟ್ಟಡದಲ್ಲಿ ಓಡಾಟಕ್ಕೆ ಮೊಗಸಾಲೆಗಳು ಬೇರೆ, ಕೆಲಸಕ್ಕೆ ಕೊಠಡಿಗಳು ಬೇರೆ ಇರುವಂತೆ, ಊರಿನಲ್ಲಿಯೂ ಸಾಗುವ ರಸ್ತೆಗಳನ್ನೂ ಬಾಳುವ ಬೀದಿಗಳನ್ನೂ ಬೇರ್ಪಡಿಸಬೇಕೆಂಬುದು ಆ ವರದಿಯ ಸಾರ.

ನಮ್ಮ ನಾಡಿನ ಹೆದ್ದಾರಿಗಳು ಈ ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡುತ್ತಿವೆ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆಗಳ ಮಾರ್ಗವಾಗಿ ಹುಬ್ಬಳ್ಳಿ, ಬೆಳಗಾವಿಗಳತ್ತ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಂಥ ಮಾರ್ಗಗಳಲ್ಲಿ ಊರು ಸಮೀಪಿಸಿದಂತೆ ಹೋಟೆಲು, ಪೆಟ್ರೋಲ್ ಬಂಕು, ಕಲ್ಯಾಣಮಂಟಪ, ವಾಹನ ಮಾರುವ ಮಳಿಗೆಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಕಾರಿನ ಮಳಿಗೆಯೊಂದನ್ನು ಆರಿಸಿಕೊಂಡು, ಅದಕ್ಕೆ ಹೆದ್ದಾರಿಯಿಂದ ದಾರಿ ಕೊಡಬಹುದೇ, ಕೊಟ್ಟರೆ ಹೇಗೆ ಕೊಡಬೇಕು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ. ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ: ಒಂದು ಊರಿನ ಹೊರವಲಯ, ನಡುವೆ ವಿಭಜಕವುಳ್ಳ ನಾಲ್ಕು ಪಥಗಳ ಹೆದ್ದಾರಿ, ಒಂದು ಮಗ್ಗುಲಲ್ಲಿ ಎರಡು ಎಕರೆ ನಿವೇಶನ, ಎದುರು ಮಗ್ಗುಲಲ್ಲಿ ಪ್ರೌಢಶಾಲೆ ಮತ್ತು ಬಸ್ಸು ನಿಲ್ದಾಣ. ನಿವೇಶನದ ಒಡೆಯರು ಅಲ್ಲಿ ಕಾರು ಮಾರುವ ಷೋರೂಮನ್ನೂ ದುರಸ್ತಿಯ ಕಾರ್ಯಾಗಾರವನ್ನೂ ಕಟ್ಟಲು ಅಪ್ಪಣೆ ಬೇಡಿದ್ದಾರೆ. ಊರಿನವರಲ್ಲಿ ಕೆಲವರು ಉದ್ಯೋಗ ದೊರೆಯುವುದೆಂದು ಸಂತೋಷಪಡುತ್ತಾರೆ. ಕೆಲವರು ವಾಹನ ಸಂದಣಿ ಹೆಚ್ಚಿ ಮಕ್ಕಳಿಗೆ ಅಪಾಯವಾಗುವುದೆಂದು ಹೆದರುತ್ತಾರೆ. ಯಾರ ಮಾತು ಸರಿ?

ಈ ಪ್ರಶ್ನೆಯನ್ನು ಗಟ್ಟಿಧ್ವನಿಯಿಂದ ತೀರ್ಮಾನಿಸುವಂತಿಲ್ಲ. ಕಾಲ, ದೂರ, ವೇಗ ಈ ಮೂರನ್ನು ಅಳೆದು ತೀರ್ಮಾನಿಸಬಹುದು. ಅಳೆಯಬೇಕಾದ ಅಗತ್ಯವೂ ಇದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ದಾಖಲಾದವು. 1,68,491 ಜನ ಮಡಿದರು. ಇವರಲ್ಲಿ 61,038 ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳ ಮೇಲೆ. ದೇಶದ ರಸ್ತೆಗಳ ಒಟ್ಟು ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ಶೇಕಡಾ ಎರಡರಷ್ಟು ಮಾತ್ರವೆಂಬುದನ್ನು ನೆನೆದರೆ, ಹೆದ್ದಾರಿಗೆ ತೆರೆಯುವ ಒಂದೊಂದು ಬಾಗಿಲನ್ನೂ ಏಕೆ ತೂಗಿ ನೋಡಬೇಕೆಂಬುದು ವಿದಿತವಾಗುತ್ತದೆ.

ಎಷ್ಟು ವಾಹನಗಳು ಬರುತ್ತವೆ?

ಇಂಥ ಮಳಿಗೆಗೆ ವಿರೋಧ ಬಂದಾಗ ಮೊದಲು ಕೇಳಿಬರುವುದು ಸಂದಣಿಯ ಮಾತು. ಆದ್ದರಿಂದ ಅದನ್ನೇ ಮೊದಲು ಪರೀಕ್ಷಿಸೋಣ. ಹೊಸ ಕಟ್ಟಡವೊಂದು ಎಷ್ಟು ವಾಹನಗಳನ್ನು ಸೆಳೆಯುತ್ತದೆ ಎಂಬುದನ್ನು ಊಹಿಸಲು ಒಂದು ಸರಳ ಉಪಾಯವಿದೆ. ಅದೇ ಬಗೆಯ, ಅಷ್ಟೇ ವಿಸ್ತಾರದ, ಅಂಥದೇ ಊರಿನ ಮಳಿಗೆಯ ಮುಂದೆ ನಿಂತು ಎಣಿಸುವುದೇ ಆ ಉಪಾಯ. ಅಮೆರಿಕದ ಸಾರಿಗೆ ಇಂಜಿನಿಯರುಗಳ ಸಂಸ್ಥೆಯು ಇಂಥ ಎಣಿಕೆಗಳನ್ನು ಕಲೆಹಾಕಿ 1976ರಿಂದ ಕೈಪಿಡಿಯ ರೂಪದಲ್ಲಿ ಪ್ರಕಟಿಸುತ್ತ ಬಂದಿದೆ. ಆದರೆ ಆ ದೇಶದ ಅಂಕಿಗಳನ್ನು ಹಾಗೆಯೇ ಎತ್ತಿ ನಮ್ಮಲ್ಲಿ ನೆಡುವುದು ತರವಲ್ಲ. ನಮ್ಮಲ್ಲಿ ಕಾರು ಕೊಳ್ಳಲು ಬರುವವರು ದ್ವಿಚಕ್ರ ವಾಹನದಲ್ಲಿಯೂ ಆಟೋರಿಕ್ಷಾದಲ್ಲಿಯೂ ಬಸ್ಸಿನಲ್ಲಿಯೂ ಬರುತ್ತಾರೆ. ಮನೆಮಂದಿಯೆಲ್ಲ ಕೂಡಿ ಬರುವುದೂ ಉಂಟು.

ಕಾರು ದಿನಸಿಯಂತಲ್ಲ. ಅದನ್ನು ವಾರವಾರವೂ ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ಇಂಥ ಮಳಿಗೆಗೆ ಬರುವ ಗಿರಾಕಿಗಳ ಸಂಖ್ಯೆ ಪೆಟ್ರೋಲ್ ಬಂಕಿಗೋ ದಿನಸಿಯ ದೊಡ್ಡ ಅಂಗಡಿಗೋ ಬರುವವರಿಗಿಂತ ಬಹಳ ಕಡಿಮೆ. ಕಾರ್ಯಾಗಾರದ ವಿಷಯ ತುಸು ಬೇರೆ. ದುರಸ್ತಿಗೆ ಬರುವ ಕಾರುಗಳು ಬೆಳಗ್ಗೆ ಬಂದು ಸಂಜೆ ಹೊರಡುತ್ತವೆ. ಅದು ಶಾಲೆಯ ಮಕ್ಕಳೂ ಕಚೇರಿಯ ನೌಕರರೂ ರಸ್ತೆಯಲ್ಲಿರುವ ಹೊತ್ತು. ಲೆಕ್ಕಕ್ಕಾಗಿ, ಅತ್ಯಂತ ಬಿಡುವಿಲ್ಲದ ಗಂಟೆಯಲ್ಲಿ ಮಳಿಗೆಯಿಂದ 30 ವಾಹನಗಳು ಹೊರಡುತ್ತವೆಂದೂ, ಆ ಗಂಟೆಯಲ್ಲಿ ಹೆದ್ದಾರಿಯ ಆ ದಿಕ್ಕಿನಲ್ಲಿ 1,800 ವಾಹನಗಳು ಸಾಗುತ್ತವೆಂದೂ ಇಟ್ಟುಕೊಳ್ಳೋಣ. ಹೆಚ್ಚಳ ಶೇಕಡಾ ಎರಡಕ್ಕೂ ಕಡಿಮೆ. ಅಂದಮೇಲೆ ಸಂದಣಿ ಹೆಚ್ಚುವುದೆಂಬ ವಾದದಲ್ಲಿ ಬಲ ಸಾಲದು. ಆದರೆ ಅಪಾಯವಿಲ್ಲವೆಂದು ಇಷ್ಟರಿಂದಲೇ ತೀರ್ಮಾನಿಸುವಂತೆಯೂ ಇಲ್ಲ. ಆ 30 ವಾಹನಗಳು ಉಳಿದ 1,800 ವಾಹನಗಳನ್ನು ಎಲ್ಲಿ, ಯಾವ ವೇಗದಲ್ಲಿ, ಎಷ್ಟು ಸೆಕೆಂಡುಗಳ ಎಚ್ಚರಿಕೆಯೊಡನೆ ಸಂಧಿಸುತ್ತವೆ ಎಂಬುದನ್ನು ನೋಡಬೇಕು.

ನಿಲ್ಲಿಸಲು ಬೇಕಾದ ದೂರ

ಮುಂದೆ ಅಡ್ಡ ಬಂದ ವಾಹನವನ್ನು ಕಂಡೊಡನೆ ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವುದಿಲ್ಲ. ಕಣ್ಣು ಕಾಣಬೇಕು, ಬುದ್ಧಿ ಗ್ರಹಿಸಬೇಕು, ನಿಶ್ಚಯಿಸಬೇಕು, ಕಾಲು ಚಲಿಸಬೇಕು. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಇದಕ್ಕೆಲ್ಲ ಒಟ್ಟು 2.5 ಸೆಕೆಂಡುಗಳನ್ನು ಲೆಕ್ಕ ಹಿಡಿಯುತ್ತದೆ. ಗಂಟೆಗೆ 80 ಕಿಲೋಮೀಟರು ಎಂದರೆ ಸೆಕೆಂಡಿಗೆ 22.2 ಮೀಟರು. ಹೀಗಾಗಿ ಬ್ರೇಕು ಒತ್ತುವ ಮೊದಲೇ ವಾಹನ ಸುಮಾರು 56 ಮೀಟರು ಮುಂದೆ ಬಂದಿರುತ್ತದೆ.

ಬಳಿಕ ಚಕ್ರಕ್ಕೂ ರಸ್ತೆಗೂ ನಡುವಣ ಘರ್ಷಣೆ ವಾಹನದ ಚಲನಶಕ್ತಿಯನ್ನು ಕರಗಿಸಬೇಕು. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಈ ವೇಗಕ್ಕೆ ಘರ್ಷಣ ಗುಣಾಂಕವನ್ನು 0.35 ಎಂದು ಹಿಡಿದರೆ, ನಿಲ್ಲುವುದಕ್ಕೆ ಇನ್ನೂ 72 ಮೀಟರು ಬೇಕು. ಒಟ್ಟು 128 ಮೀಟರು. ಇದೇ ಲೆಕ್ಕದಿಂದ ಗಂಟೆಗೆ 50 ಕಿಲೋಮೀಟರು ವೇಗಕ್ಕೆ ಸುಮಾರು 63 ಮೀಟರೂ 100 ಕಿಲೋಮೀಟರು ವೇಗಕ್ಕೆ ಸುಮಾರು 182 ಮೀಟರೂ ಬರುತ್ತವೆ. ವೇಗ ಇಮ್ಮಡಿಯಾದಾಗ ನಿಲ್ಲುವ ದೂರ ಸುಮಾರು ಮೂರು ಪಟ್ಟಾಯಿತು. ರಸ್ತೆ ಇಳಿಜಾರಾಗಿದ್ದರೆ ಗುರುತ್ವವೂ ವಾಹನವನ್ನು ಮುಂದಕ್ಕೆ ಎಳೆಯುತ್ತದೆ. ನೂರು ಮೀಟರಿಗೆ ನಾಲ್ಕು ಮೀಟರು ಇಳಿಯುವ ರಸ್ತೆಯಲ್ಲಿ 80 ಕಿಲೋಮೀಟರು ವೇಗದ ವಾಹನಕ್ಕೆ ಇನ್ನೂ 9 ಮೀಟರು ಹೆಚ್ಚು ಬೇಕಾಗುತ್ತದೆ.

ಇಲ್ಲಿ ಯಾವ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಫಲಕದ ಮೇಲೆ ಬರೆದ ವೇಗವನ್ನು ನಂಬಿದರೆ ಸಾಲದು. ವಾಹನಗಳು ನಿಜವಾಗಿ ಓಡುವ ವೇಗವನ್ನು ಅಳೆಯಬೇಕು. ಅಳೆದ ನೂರು ವೇಗಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ 85ನೆಯದಾಗಿ ನಿಲ್ಲುವ ವೇಗವನ್ನು ಇಂಜಿನಿಯರುಗಳು ಆಧಾರವಾಗಿ ಇಟ್ಟುಕೊಳ್ಳುವ ರೂಢಿಯಿದೆ. ಕೇವಲ ಸರಾಸರಿಯನ್ನು ಹಿಡಿದರೆ, ಅದಕ್ಕಿಂತ ವೇಗವಾಗಿ ಬರುವವರೆಲ್ಲ ಲೆಕ್ಕದ ಹೊರಗೆ ಉಳಿಯುತ್ತಾರೆ. ಅಪಾಯ ಹೆಚ್ಚಾಗಿ ಬರುವುದು ಅವರಿಂದಲೇ.

ಕಾಣುವ ದೂರ

ನಿಲ್ಲಲು 128 ಮೀಟರು ಬೇಕಾದರೆ, ಕನಿಷ್ಠಪಕ್ಷ ಅಷ್ಟು ದೂರದಿಂದ ಗೇಟಿನ ಬಾಯಿ ಕಾಣಿಸಬೇಕು. ಗೇಟಿನಿಂದ ಹೊರಡುವವನಿಗೂ ಅಷ್ಟು ದೂರದ ವಾಹನ ಕಾಣಿಸಬೇಕು. ರಸ್ತೆಯ ತಿರುವು, ದಿಬ್ಬದ ನೆತ್ತಿ, ಮರ, ಗೋಡೆ ಇವೆಲ್ಲ ಈ ನೋಟವನ್ನು ತಡೆಯಬಹುದು. ಮಳಿಗೆಯವರೇ ನೆಟ್ಟ ಫಲಕವೂ ತಡೆಯಬಹುದು. ಇದು ಎಷ್ಟು ಘೋರವಾದ ತಡೆಯಾಗಬಲ್ಲದೆಂಬುದನ್ನು ಸರೂಪ ತ್ರಿಭುಜಗಳ ಮೂಲಕ ನೋಡೋಣ.

ಗೇಟಿನಲ್ಲಿ ನಿಂತ ಕಾರಿನ ಮೂತಿ ರಸ್ತೆಯ ಅಂಚಿನ ಸಮೀಪದಲ್ಲಿದ್ದರೂ ಚಾಲಕನ ಕಣ್ಣು ಅಂಚಿನಿಂದ ಸುಮಾರು 3 ಮೀಟರು ಹಿಂದಿರುತ್ತದೆ. ಅವನ ಬಲಕ್ಕೆ 10 ಮೀಟರು ದೂರದಲ್ಲಿ, ರಸ್ತೆಯ ಅಂಚಿನಿಂದ 1 ಮೀಟರು ಒಳಗೆ ಜಾಹೀರಾತಿನ ಫಲಕದ ತುದಿ ಇದೆಯೆನ್ನೋಣ. ಹೆದ್ದಾರಿಯ ವಾಹನ ಅಂಚಿನಿಂದ 2 ಮೀಟರು ಆಚೆಗೆ ಬರುತ್ತಿದೆ. ಕಣ್ಣಿನಿಂದ ಫಲಕದ ತುದಿಯವರೆಗೆ ನೋಟದ ಗೆರೆ 10 ಮೀಟರಿಗೆ 2 ಮೀಟರಿನಂತೆ ರಸ್ತೆಯ ಕಡೆಗೆ ವಾಲುತ್ತದೆ. ವಾಹನದ ಜಾಡನ್ನು ಮುಟ್ಟಲು ಅದು ಒಟ್ಟು 5 ಮೀಟರು ವಾಲಬೇಕು. ಎಂದರೆ 25 ಮೀಟರು ದೂರ ಸಾಗಬೇಕು. ಅದಕ್ಕಿಂತ ಆಚೆಗಿನ ವಾಹನ ಫಲಕದ ಮರೆಯಲ್ಲಿರುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ 25 ಮೀಟರು ಸವೆಯಲು ಬೇಕಾದ ಕಾಲ 1.1 ಸೆಕೆಂಡು. ಚಾಲಕನ ಪ್ರತಿಕ್ರಿಯೆಗೆ ಹಿಡಿದ 2.5 ಸೆಕೆಂಡುಗಳ ಅರ್ಧವೂ ಅಲ್ಲ! ಅದೇ ಫಲಕವನ್ನು ಅಂಚಿನಿಂದ 3 ಮೀಟರಿಗಿಂತ ಹಿಂದಕ್ಕೆ ಸರಿಸಿದರೆ ಅದು ನೋಟಕ್ಕೆ ಅಡ್ಡಬರುವುದಿಲ್ಲ. ಎರಡು ಮೂರು ಮೀಟರಿನ ಸ್ಥಳಾಂತರ ಒಂದು ಜೀವವನ್ನು ಉಳಿಸೀತು. ಮಾರಾಟಕ್ಕಿಟ್ಟ ಕಾರುಗಳನ್ನು ದಾರಿಹೋಕರ ಕಣ್ಣಿಗೆ ಬೀಳಲೆಂದು ಕಾಲುದಾರಿಯ ಮೇಲೆ ಸಾಲಾಗಿ ನಿಲ್ಲಿಸಿದರೂ ಇದೇ ಪರಿಣಾಮ. ಮೇಲಾಗಿ ನಡೆಯುವವರು ಹೆದ್ದಾರಿಗೆ ಇಳಿಯಬೇಕಾಗುತ್ತದೆ.

ತೆರಪಿಗಾಗಿ ಕಾಯುವಿಕೆ

ಕಾಣುವುದು ಮೊದಲನೆಯ ಹೆಜ್ಜೆ. ಕಂಡಮೇಲೆ, ಓಡುವ ವಾಹನಗಳ ನಡುವೆ ಸಾಕಷ್ಟು ತೆರಪು ದೊರೆಯಬೇಕು. ನಿಂತ ಕಾರು ಹೆದ್ದಾರಿಯ ಓಟದಲ್ಲಿ ಸೇರಿಕೊಳ್ಳಲು ಸುಮಾರು 6 ಸೆಕೆಂಡುಗಳ ತೆರಪು ಬೇಕೆಂದು ಇಟ್ಟುಕೊಳ್ಳೋಣ. ಗಂಟೆಗೆ 1,800 ವಾಹನಗಳೆಂದರೆ ಸರಾಸರಿ ಎರಡು ಸೆಕೆಂಡಿಗೊಂದು ವಾಹನ. ಎರಡು ಸೆಕೆಂಡು ಅಂತರದ ಓಟದಲ್ಲಿ ಆರು ಸೆಕೆಂಡುಗಳ ತೆರಪು ಸಿಗುವುದಾದರೂ ಹೇಗೆ?

ಸಿಗುತ್ತದೆ, ಏಕೆಂದರೆ ವಾಹನಗಳು ಗಡಿಯಾರದ ಮುಳ್ಳಿನಂತೆ ಸಮಾಂತರದಲ್ಲಿ ಬರುವುದಿಲ್ಲ. ಕೆಲವು ಒಂದರ ಬೆನ್ನಿಗೊಂದು ಬರುತ್ತವೆ. ಕೆಲವೊಮ್ಮೆ ರಸ್ತೆ ಬರಿದಾಗಿರುತ್ತದೆ. ಇಂಥ ಯಾದೃಚ್ಛಿಕ ಘಟನೆಗಳ ಗಣಿತವನ್ನು ಫ್ರಾನ್ಸಿನ ಪ್ವಾಸೋನ್ 1837ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದ್ದರು. ಸುಮಾರು ನೂರು ವರ್ಷಗಳ ಬಳಿಕ, 1936ರಲ್ಲಿ, ಬ್ರಿಟನ್ನಿನ ಆಡಮ್ಸ್ ಎಂಬವರು ಅದನ್ನು ರಸ್ತೆಯ ಸಂಚಾರಕ್ಕೆ ಅನ್ವಯಿಸಿ, ತೆರಪಿಗಾಗಿ ಸರಾಸರಿ ಎಷ್ಟು ಹೊತ್ತು ಕಾಯಬೇಕಾಗುವುದೆಂಬ ಸೂತ್ರವನ್ನು ಕೊಟ್ಟರು. ಬೇಕಾದ ತೆರಪನ್ನು ವಾಹನಗಳ ನಡುವಣ ಸರಾಸರಿ ಅಂತರದಿಂದ ಭಾಗಿಸಿರಿ. 2.718 ಎಂಬ ಸಂಖ್ಯೆಯನ್ನು ಆ ಭಾಗಲಬ್ಧದ ಘಾತಕ್ಕೆ ಏರಿಸಿರಿ. ಬಂದುದರಿಂದ ಭಾಗಲಬ್ಧವನ್ನೂ ಒಂದನ್ನೂ ಕಳೆದು, ಉಳಿದುದನ್ನು ಸರಾಸರಿ ಅಂತರದಿಂದ ಗುಣಿಸಿರಿ. ಕಾಯುವ ಸರಾಸರಿ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ.

ಆರು ಸೆಕೆಂಡುಗಳ ತೆರಪಿಗೆ ಈ ಲೆಕ್ಕ ಮಾಡಿದರೆ ಫಲ ಹೀಗೆ ಬರುತ್ತದೆ: ಗಂಟೆಗೆ 600 ವಾಹನಗಳಿದ್ದಾಗ 4 ಸೆಕೆಂಡು, 1,200 ಇದ್ದಾಗ 13 ಸೆಕೆಂಡು, 1,800 ಇದ್ದಾಗ 32 ಸೆಕೆಂಡು, 2,400 ಇದ್ದಾಗ 74 ಸೆಕೆಂಡು. ಸಂಚಾರ ನಾಲ್ಕು ಪಟ್ಟು ಬೆಳೆದರೆ ಕಾಯುವಿಕೆ ಹದಿನೇಳು ಪಟ್ಟಿಗೂ ಮಿಗಿಲಾಗಿ ಬೆಳೆಯಿತು. ಮುಂದಿನ ವರ್ಷಗಳಲ್ಲಿ ಹೆದ್ದಾರಿಯ ಸಂಚಾರ ಮೂರರಲ್ಲೊಂದು ಪಾಲು ಹೆಚ್ಚಿ 1,800ರಿಂದ 2,400ಕ್ಕೆ ಏರಿದರೆ, ಇಂದು ಅರ್ಧ ನಿಮಿಷ ಕಾಯುವವನು ಅಂದು ಒಂದೂಕಾಲು ನಿಮಿಷ ಕಾಯಬೇಕಾಗುತ್ತದೆ. ಕಟ್ಟಡಕ್ಕೆ ಹಲವು ದಶಕಗಳ ಬಾಳುವೆ ಉಂಟು. ಆದ್ದರಿಂದ ಗೇಟನ್ನು ಇಂದಿನ ಸಂಚಾರದಿಂದ ಮಾತ್ರವೇ ತೂಗಿದರೆ ಸಾಲದು.

ಕಾದು ಬೇಸತ್ತವನು ಆರು ಸೆಕೆಂಡುಗಳ ತೆರಪಿಗಾಗಿ ಕಾಯದೆ ನಾಲ್ಕು ಸೆಕೆಂಡುಗಳ ತೆರಪಿನಲ್ಲಿ ನುಗ್ಗಲು ಯತ್ನಿಸುತ್ತಾನೆ. ಕಾಯುವಿಕೆ ಕೇವಲ ಅನುಕೂಲದ ಪ್ರಶ್ನೆಯಾಗಿ ಉಳಿಯದೆ ಪ್ರಾಣದ ಪ್ರಶ್ನೆಯಾಗುವುದು ಇಲ್ಲಿ.

ಈ ಸೂತ್ರ ಕಾರಿಗೆ ಹೇಗೋ ನಡೆಯುವವರಿಗೂ ಹಾಗೆಯೇ. ಎರಡು ಪಥಗಳ ಅಗಲ 7 ಮೀಟರು. ಸೆಕೆಂಡಿಗೆ 1.2 ಮೀಟರಿನಂತೆ ನಡೆಯುವ ವಿದ್ಯಾರ್ಥಿಗೆ ಅದನ್ನು ದಾಟಲು ಹತ್ತಿರ ಹತ್ತಿರ 6 ಸೆಕೆಂಡು ಬೇಕು. ಸೆಕೆಂಡಿಗೆ 0.9 ಮೀಟರಿನಂತೆ ನಡೆಯುವ ವೃದ್ಧರಿಗೆ ಸುಮಾರು 8 ಸೆಕೆಂಡು ಬೇಕು. ಎರಡೇ ಸೆಕೆಂಡಿನ ವ್ಯತ್ಯಾಸ. ಆದರೆ ಗಂಟೆಗೆ 1,800 ವಾಹನಗಳ ಹೆದ್ದಾರಿಯಲ್ಲಿ ವಿದ್ಯಾರ್ಥಿ ಸರಾಸರಿ 32 ಸೆಕೆಂಡು ಕಾದರೆ, ಆ ವೃದ್ಧರು 99 ಸೆಕೆಂಡು ಕಾಯಬೇಕು. ನಡುವಣ ವಿಭಜಕದವರೆಗೆ ತಲುಪಿದ ಮೇಲೆ ಮತ್ತೊಮ್ಮೆ ಅಷ್ಟೇ ಕಾಯಬೇಕು. ಮಳಿಗೆಯ ನೌಕರರೂ ಬಸ್ಸಿನಲ್ಲಿ ಬರುವ ಗಿರಾಕಿಗಳೂ ಎದುರು ಮಗ್ಗುಲಿನ ನಿಲ್ದಾಣದಿಂದ ಹೀಗೆ ದಾಟಿಯೇ ಬರುವವರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಕಾರಿನ ಮುಂಭಾಗ ಬಡಿದಾಗ ಪಾದಚಾರಿಯು ಸಾಯುವ ಸಂಭವ 50 ಕಿಲೋಮೀಟರು ವೇಗದಲ್ಲಿ ಇರುವುದಕ್ಕಿಂತ 65 ಕಿಲೋಮೀಟರು ವೇಗದಲ್ಲಿ ನಾಲ್ಕೂವರೆ ಪಟ್ಟು ಹೆಚ್ಚು. ಮಳಿಗೆಯ ಯೋಜನೆಯಲ್ಲಿ ಕಾರು ನಿಲ್ಲುವ ಜಾಗಗಳ ಲೆಕ್ಕವಿದ್ದು, ರಸ್ತೆ ದಾಟುವವರ ಲೆಕ್ಕವಿಲ್ಲದಿದ್ದರೆ ಆ ಯೋಜನೆ ಅಪೂರ್ಣ.

ಸಂಘರ್ಷ ಬಿಂದುಗಳು

ಎರಡು ವಾಹನಗಳ ಜಾಡುಗಳು ಒಂದನ್ನೊಂದು ಕತ್ತರಿಸುವ, ಕೂಡುವ ಅಥವಾ ಅಗಲುವ ಸ್ಥಳಕ್ಕೆ ಸಂಘರ್ಷ ಬಿಂದುವೆಂದು ಹೆಸರು. ಓದುಗರು ಕಾಗದದ ಮೇಲೆ ಗೆರೆಗಳನ್ನು ಎಳೆದು ಎಣಿಸಿ ನೋಡಬಹುದು. ದಿಕ್ಕಿಗೊಂದು ಪಥವಿರುವ ಎರಡು ರಸ್ತೆಗಳು ಕೂಡುವ ನಾಲ್ಕುದಾರಿಯಲ್ಲಿ ಇಂಥ ಬಿಂದುಗಳು 32. ಮೂರು ದಾರಿಗಳು ಕೂಡುವಲ್ಲಿ 9. ಎಡಕ್ಕೆ ತಿರುಗಿ ಒಳಹೊಕ್ಕು ಎಡಕ್ಕೇ ತಿರುಗಿ ಹೊರಬರುವ ಗೇಟಿನಲ್ಲಿ 2 ಮಾತ್ರ. ಆ ಎರಡರಲ್ಲಿ ಒಂದೂ ಜಾಡುಗಳು ಅಡ್ಡಲಾಗಿ ಕತ್ತರಿಸುವ ಬಿಂದುವಲ್ಲ. ಅಡ್ಡಲಾಗಿ ಬಡಿಯುವ ಡಿಕ್ಕಿ ಕಾರಿನ ಬಾಗಿಲ ಮೇಲೆ ಬೀಳುವುದರಿಂದ ಬಹಳ ಕ್ರೂರವಾದುದು. ಹೀಗಿರುವಲ್ಲಿ ಗೇಟಿನ ಎದುರಿಗೆ ವಿಭಜಕವನ್ನು ಒಡೆದು ಬಲತಿರುವಿಗೆ ಅವಕಾಶ ಕೊಡುವುದು ಎಂಥ ದುಬಾರಿಯ ಅನುಕೂಲವೆಂಬುದು ಸ್ಪಷ್ಟ.

ಆದರೆ ವಿಭಜಕವನ್ನು ಮುಚ್ಚಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎದುರು ದಿಕ್ಕಿಗೆ ಹೋಗಬೇಕಾದವನು ಮುಂದೆ ಸಾಗಿ ಯು-ತಿರುವು ತೆಗೆದುಕೊಳ್ಳಬೇಕು. ಆ ತಿರುವು ಬಹಳ ದೂರವಿದ್ದರೆ ದ್ವಿಚಕ್ರ ಸವಾರರಲ್ಲಿ ಕೆಲವರು ವಿರುದ್ಧ ದಿಕ್ಕಿನಲ್ಲಿ, ರಸ್ತೆಯ ಅಂಚನ್ನು ಹಿಡಿದು ಬರತೊಡಗುತ್ತಾರೆ. ಹೊರಡುವ ಕಾರಿನ ಚಾಲಕ ಬಲಕ್ಕೆ ನೋಡುತ್ತಿರುವಾಗ ಅವರು ಎಡದಿಂದ ಎದುರಾಗುತ್ತಾರೆ. ಆದ್ದರಿಂದ ಯು-ತಿರುವು ಎಲ್ಲಿದೆ, ಅಲ್ಲಿ ತಿರುಗುವ ವಾಹನ ಕಾಯಲು ಪ್ರತ್ಯೇಕ ಜಾಗವಿದೆಯೇ ಎಂಬುದನ್ನೂ ಇದೇ ಪರೀಕ್ಷೆಯಲ್ಲಿ ಸೇರಿಸಬೇಕು.

ಒಳಬರುವ ವಾಹನದ ವಿಷಯವನ್ನೂ ನೋಡೋಣ. ಗಂಟೆಗೆ 80 ಕಿಲೋಮೀಟರು ವೇಗದಿಂದ 20 ಕಿಲೋಮೀಟರಿಗೆ ಸಾವಕಾಶವಾಗಿ, ಸೆಕೆಂಡು ಸೆಕೆಂಡಿಗೂ 2 ಮೀಟರಿನಂತೆ ವೇಗ ತಗ್ಗಿಸಲು ಸುಮಾರು 115 ಮೀಟರು ಬೇಕು. ಅದಕ್ಕೆ ಪ್ರತ್ಯೇಕ ಪಥವಿಲ್ಲದಿದ್ದರೆ ವೇಗ ತಗ್ಗುವುದು ಹೆದ್ದಾರಿಯ ಪಥದಲ್ಲಿಯೇ. ಆಗ ಬೆನ್ನಿಗೆ ಬರುವ ಲಾರಿಯೂ ಬ್ರೇಕು ಹಾಕಬೇಕು. ಗೇಟು ಮುಚ್ಚಿದ್ದು, ಕಾವಲುಗಾರ ಬಂದು ತೆರೆಯುವವರೆಗೆ ಕಾರು ರಸ್ತೆಯಲ್ಲಿಯೇ ನಿಂತರೆ ಅಪಾಯ ಇಮ್ಮಡಿಸುತ್ತದೆ. ಗೇಟನ್ನು ಹಲವು ಮೀಟರು ಒಳಕ್ಕೆ ಸರಿಸಿ ಕಟ್ಟುವುದು ಇದಕ್ಕೆ ಸುಲಭ ಪರಿಹಾರ.

ಉದ್ದದ ಲಾರಿಯ ತಿರುವು

ಕಾರಿನ ಮಳಿಗೆಗೆ ವಿಶಿಷ್ಟವಾದ ಅತಿಥಿಯೊಂದುಂಟು. ಕಾರ್ಖಾನೆಯಿಂದ ಹೊಸ ಕಾರುಗಳನ್ನು ಹೊತ್ತು ತರುವ, ಸುಮಾರು 18 ಮೀಟರು ಉದ್ದದ ಟ್ರೈಲರ್ ಲಾರಿಯೇ ಅದು. ದಿನಕ್ಕೆ ಒಂದೇ ಬಂದರೂ ಗೇಟಿನ ಆಕಾರವನ್ನು ನಿರ್ಧರಿಸಬೇಕಾದುದು ಅದೇ. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಸಾಗದೆ ಒಳಕ್ಕೆ ಕತ್ತರಿಸಿಕೊಂಡು ಹೋಗುತ್ತವೆ. ಎಷ್ಟು ಒಳಕ್ಕೆ ಎಂಬುದನ್ನು ಪೈಥಾಗೊರಸನ ಪ್ರಮೇಯ ತಿಳಿಸುತ್ತದೆ. ಟ್ರೈಲರಿನ ಕೊಕ್ಕೆ 15 ಮೀಟರು ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದ್ದು, ಕೊಕ್ಕೆಗೂ ಹಿಂದಿನ ಅಚ್ಚಿಗೂ ನಡುವೆ 9 ಮೀಟರು ಇದೆಯೆನ್ನೋಣ. 15ರ ವರ್ಗದಿಂದ 9ರ ವರ್ಗವನ್ನು ಕಳೆದರೆ 144. ಅದರ ವರ್ಗಮೂಲ 12. ಹಾಗೆಯೇ ಸುತ್ತುತ್ತ ಹೋದರೆ ಹಿಂದಿನ ಅಚ್ಚು 12 ಮೀಟರು ತ್ರಿಜ್ಯದ ವೃತ್ತದಲ್ಲಿ ಸಾಗುತ್ತದೆ. ಎಂದರೆ 3 ಮೀಟರು ಒಳಕ್ಕೆ. ಗೇಟಿನ ಮೂಲೆಯಲ್ಲಿ ಆ ಜಾಗವಿಲ್ಲದಿದ್ದರೆ ಚಕ್ರ ಕಾಲುದಾರಿಯನ್ನು ಹತ್ತುತ್ತದೆ. ಇಲ್ಲವೆ, ಚಾಲಕ ಹೆದ್ದಾರಿಯ ಎರಡೂ ಪಥಗಳನ್ನು ಆಕ್ರಮಿಸಿ ಅಗಲವಾಗಿ ತಿರುಗಬೇಕಾಗುತ್ತದೆ.

ಲಾರಿಯು ಅಂಗಳದೊಳಗೆ ಬಂದು, ಕಾರುಗಳನ್ನು ಇಳಿಸಿ, ಹಿಮ್ಮೊಗವಾಗಿ ಚಲಿಸದೆ ಮುಮ್ಮೊಗವಾಗಿಯೇ ಹೊರಡುವಂತೆ ಅಂಗಳವಿರಬೇಕು. ಇಲ್ಲದಿದ್ದರೆ ಹೆದ್ದಾರಿಯ ಅಂಚಿನಲ್ಲಿಯೇ ನಿಂತು ಕಾರುಗಳನ್ನು ಇಳಿಸುವ ಅಭ್ಯಾಸ ಬೆಳೆಯುತ್ತದೆ. ರಾತ್ರಿ ಬಂದ ಲಾರಿಗೆ ಬಾಗಿಲು ತೆರೆಯುವವರಿಲ್ಲದೆ, ಅದು ದೀಪವಾರಿಸಿ ರಸ್ತೆಯಂಚಿನಲ್ಲಿ ನಿಂತರೆ, ಹಿಂದಿನಿಂದ ಬರುವ ದ್ವಿಚಕ್ರ ಸವಾರನಿಗೆ ಅದು ಕತ್ತಲೆಯ ಗೋಡೆಯಾಗುತ್ತದೆ.

ಕಾರನ್ನು ಓಡಿಸಿ ನೋಡುವ ಟೆಸ್ಟ್ ಡ್ರೈವ್ ಇನ್ನೊಂದು ವಿಶೇಷ. ಗಿರಾಕಿಗೆ ಆ ಕಾರಿನ ಬ್ರೇಕು, ಕ್ಲಚ್ಚು, ಕನ್ನಡಿಗಳ ಪರಿಚಯವಿರುವುದಿಲ್ಲ. ಅವನ ಮೊದಲ ನೂರು ಮೀಟರು ಹೆದ್ದಾರಿಯ ಮೇಲೆಯೇ ಆಗುವುದು ಸಲ್ಲದು. ಮೊದಲು ಅಂಗಳದಲ್ಲಿಯೂ ಪಕ್ಕದ ಸರ್ವೀಸ್ ರಸ್ತೆಯಲ್ಲಿಯೂ ಕೈ ಪಳಗಿಸಿ, ಬಳಿಕ ಎಡತಿರುವುಗಳೇ ಹೆಚ್ಚಾಗಿರುವ, ಶಾಲೆಯ ಮುಂಭಾಗವನ್ನು ಬಿಟ್ಟ ಗೊತ್ತಾದ ಮಾರ್ಗದಲ್ಲಿ ಹೋಗಿಬರುವಂತೆ ಏರ್ಪಡಿಸಬಹುದು.

‘ಇಲ್ಲಿ ಅಪಘಾತವೇ ಆಗಿಲ್ಲ’

ಅಪ್ಪಣೆ ಬೇಡುವವರು ಕೆಲವೊಮ್ಮೆ ಹೀಗೊಂದು ವಾದ ಹೂಡುತ್ತಾರೆ: “ಕಳೆದ ಮೂರು ವರ್ಷಗಳಲ್ಲಿ ಇಲ್ಲಿ ಒಂದೂ ಅಪಘಾತ ದಾಖಲಾಗಿಲ್ಲ, ಆದ್ದರಿಂದ ಈ ಸ್ಥಳ ಸುರಕ್ಷಿತ.” ವಾಹನಗಳ ತೆರಪನ್ನು ವಿವರಿಸಿದ ಪ್ವಾಸೋನನ ಗಣಿತವೇ ಇದಕ್ಕೂ ಉತ್ತರ ಹೇಳುತ್ತದೆ. ವರ್ಷಕ್ಕೆ ಸರಾಸರಿ ಎರಡು ಅಪಘಾತಗಳಾಗುವಷ್ಟು ಅಪಾಯಕರವಾದ ಸ್ಥಳದಲ್ಲಿಯೂ ಒಂದು ವರ್ಷ ಏನೂ ನಡೆಯದೆ ಕಳೆಯುವ ಸಂಭವ ಶೇಕಡಾ 13.5. ವರ್ಷಕ್ಕೆ ಸರಾಸರಿ ಒಂದು ಅಪಘಾತವಾಗುವ ಸ್ಥಳ ಸತತ ಮೂರು ವರ್ಷ ನಿರಪಾಯವಾಗಿ ಕಾಣುವ ಸಂಭವ ಶೇಕಡಾ 5. ಮೂರು ವರ್ಷಕ್ಕೊಂದು ಅಪಘಾತವಾಗುವಲ್ಲಿ ಆ ಸಂಭವ ಶೇಕಡಾ 37! ಮೇಲಾಗಿ, ಇಂದು ಗೇಟಿಲ್ಲದ ಸ್ಥಳದ ಇತಿಹಾಸ ನಾಳೆ ಗೇಟಿರುವ ಸ್ಥಳದ ಭವಿಷ್ಯವನ್ನು ಹೇಳಲಾರದು. ಹಾಗೆಯೇ ಒಂದು ಭೀಕರ ಅಪಘಾತ ನಡೆಯಿತೆಂಬ ಕಾರಣದಿಂದಲೇ ಸ್ಥಳವನ್ನು ಶಾಶ್ವತವಾಗಿ ದೂಷಿಸುವುದೂ ಸರಿಯಲ್ಲ. ಚಿಕ್ಕ ಸಂಖ್ಯೆಗಳು ಎರಡೂ ಪಕ್ಷದವರನ್ನು ಮೋಸಗೊಳಿಸುತ್ತವೆ.

ತಕ್ಕಡಿಯ ಎರಡು ತಟ್ಟೆಗಳು

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಅಧಿನಿಯಮದ ಪ್ರಕಾರ, ಹೆದ್ದಾರಿಯ ಪಕ್ಕದಲ್ಲಿ ಜಮೀನಿದ್ದ ಮಾತ್ರಕ್ಕೆ ಅಲ್ಲಿಗೆ ವಾಹನದ ದಾರಿ ತೆರೆಯುವ ಹಕ್ಕು ಬರುವುದಿಲ್ಲ. ಹೆದ್ದಾರಿ ಆಡಳಿತದ ಅನುಮತಿ ಬೇಕು. ಕಟ್ಟಡ ಕಟ್ಟುವ ಅಪ್ಪಣೆ ಬೇರೆ, ದಾರಿಯ ಅಪ್ಪಣೆ ಬೇರೆ. ಮೊದಲನೆಯದು ದೊರೆತು ಗೋಡೆಗಳು ಎದ್ದಮೇಲೆ ಎರಡನೆಯದನ್ನು ಯೋಚಿಸುವುದಾದರೆ, ಗೇಟಿನ ಸ್ಥಳವನ್ನು ಬದಲಿಸುವ ಅವಕಾಶ ಆಗಲೇ ಕೈತಪ್ಪಿರುತ್ತದೆ.

ನಾವು ಕಲ್ಪಿಸಿಕೊಂಡ ಮಳಿಗೆಯ ವಿಷಯದಲ್ಲಿ ಏನು ಹೇಳಬಹುದು? ಅದರಿಂದ ಹಲವರಿಗೆ ಉದ್ಯೋಗವಾಗುತ್ತದೆ. ದುರಸ್ತಿಗಾಗಿ ಊರಿನವರು ದೂರ ಹೋಗುವುದು ತಪ್ಪುತ್ತದೆ. ಇವು ತಕ್ಕಡಿಯ ಒಂದು ತಟ್ಟೆಯಲ್ಲಿವೆ. ಇನ್ನೊಂದು ತಟ್ಟೆಯಲ್ಲಿ ಶಾಲೆಯ ಮಕ್ಕಳೂ ದ್ವಿಚಕ್ರ ಸವಾರರೂ ಇದ್ದಾರೆ. ಲಾಭ ಪಡೆಯುವವರೇ ಅಪಾಯವನ್ನೂ ಹೊರುವಂತಿದ್ದರೆ ತೂಗುವುದು ಸುಲಭವಾಗುತ್ತಿತ್ತು. ಇಲ್ಲಿ ಮಾರಾಟದ ಲಾಭ ಒಬ್ಬರದು, ರಸ್ತೆ ದಾಟುವ ಅಪಾಯ ಮತ್ತೊಬ್ಬರದು. ಆದ್ದರಿಂದಲೇ ತೂಗುವ ಕೆಲಸವನ್ನು ಈ ಎರಡು ಪಕ್ಷಗಳಿಗೂ ಸೇರದ ಸಾರ್ವಜನಿಕ ಅಧಿಕಾರಕ್ಕೆ ಒಪ್ಪಿಸಲಾಗಿದೆ.

ಮಳಿಗೆಗೆ ಅಪ್ಪಣೆ ಕೊಡಬಹುದು, ಆದರೆ ಕೆಲವು ಕಟ್ಟುಪಾಡುಗಳ ಮೇಲೆ, ಎಂಬುದು ನಮ್ಮ ಅಭಿಪ್ರಾಯ. ಗೇಟು ನೇರವಾಗಿ ಹೆದ್ದಾರಿಗೆ ತೆರೆಯದೆ ಸರ್ವೀಸ್ ರಸ್ತೆಗೆ ತೆರೆಯಲಿ. ನೆರೆಯ ನಿವೇಶನಗಳಿಗೆ ಮುಂದೆ ಬರುವ ಮಳಿಗೆಗಳೂ ಅದೇ ರಸ್ತೆಯನ್ನು ಬಳಸಲಿ. ಹೆದ್ದಾರಿಯನ್ನು ಸೇರುವಲ್ಲಿ ನಿಜವಾದ ವೇಗಕ್ಕೆ ತಕ್ಕ ಕಾಣುವ ದೂರವಿರಲಿ, ಆ ನೋಟದ ತ್ರಿಭುಜದಲ್ಲಿ ಫಲಕವಾಗಲಿ ಕಾರಾಗಲಿ ನಿಲ್ಲದಿರಲಿ. ವಿಭಜಕ ಮುಚ್ಚಿಯೇ ಇರಲಿ. ಟ್ರೈಲರ್ ಲಾರಿ ಒಳಗೆ ತಿರುಗುವಷ್ಟು ಅಂಗಳವಿರಲಿ. ಶಾಲೆಯ ಮುಂದೆ ದೀಪಸಂಕೇತವುಳ್ಳ ದಾಟುದಾರಿಯೋ ಮೆಟ್ಟಿಲ ಹಂಗಿಲ್ಲದೆ ವೃದ್ಧರೂ ನಡೆಯಬಹುದಾದ ಸುರಂಗದಾರಿಯೋ ಮಳಿಗೆ ತೆರೆಯುವ ಮೊದಲೇ ಸಿದ್ಧವಾಗಲಿ. ನಿವೇಶನ ತಿರುವಿನ ಒಳಮಗ್ಗುಲಲ್ಲಿದ್ದು, ಸರ್ವೀಸ್ ರಸ್ತೆಗೂ ಜಾಗವಿಲ್ಲದೆ, ಎಷ್ಟು ಯತ್ನಿಸಿದರೂ ಕಾಣುವ ದೂರ ನಿಲ್ಲುವ ದೂರಕ್ಕಿಂತ ಕಡಿಮೆಯಾಗಿಯೇ ಉಳಿಯುವುದಾದರೆ, ಅಪ್ಪಣೆಯನ್ನು ನಿರಾಕರಿಸುವುದೇ ನ್ಯಾಯ. ಆ ಕೊರತೆಯನ್ನು ಯಾವ ಉದ್ಯೋಗದ ಲೆಕ್ಕವೂ ತುಂಬಿಕೊಡದು.

ಇಲ್ಲಿ ಬಳಸಿದ ಗಣಿತದಲ್ಲಿ ಶಾಲಾ ಕಾಲೇಜುಗಳ ಪಾಠಕ್ಕೆ ಮೀರಿದ್ದು ಸ್ವಲ್ಪವೇ. ಸರೂಪ ತ್ರಿಭುಜ, ಪೈಥಾಗೊರಸನ ಪ್ರಮೇಯ, ವೇಗದ ವರ್ಗ ಇವು ನಮ್ಮ ಪಠ್ಯಗಳಲ್ಲಿವೆ. ಆಸಕ್ತರಾದ ವಿದ್ಯಾರ್ಥಿಗಳು ಉಪಾಧ್ಯಾಯರೊಡನೆ ಕೂಡಿ, ರಸ್ತೆಯಿಂದ ದೂರ ಸುರಕ್ಷಿತ ಸ್ಥಳದಲ್ಲಿ ನಿಂತು, ತಮ್ಮ ಊರಿನ ರಸ್ತೆಯಲ್ಲಿ ಕಾಲು ಗಂಟೆಯಲ್ಲಿ ಎಷ್ಟು ವಾಹನಗಳು ಸಾಗುತ್ತವೆಂದು ಎಣಿಸಬಹುದು. ಆರು ಸೆಕೆಂಡುಗಳಿಗೆ ಮೀರಿದ ತೆರಪುಗಳು ಎಷ್ಟು ಬಂದವೆಂದು ಗಡಿಯಾರ ಹಿಡಿದು ಗುರುತಿಸಬಹುದು. ಬಂದ ಅಂಕಿಗಳನ್ನು ಆಡಮ್ಸ್ ಅವರ ಸೂತ್ರದೊಡನೆ ಹೋಲಿಸಿದರೆ, ದೀಪಸಂಕೇತದ ಸಮೀಪದಲ್ಲಿ ವಾಹನಗಳು ಗುಂಪುಗುಂಪಾಗಿ ಬರುವುದರಿಂದ ಸೂತ್ರ ಎಷ್ಟರಮಟ್ಟಿಗೆ ತಪ್ಪುತ್ತದೆಂಬುದೂ ಅವರ ಗಮನಕ್ಕೆ ಬಂದೀತು. ಮುಂದೊಂದು ದಿನ ಊರಿನ ಸಭೆಯಲ್ಲಿ ಇಂಥ ಮಳಿಗೆಯ ಪ್ರಶ್ನೆ ಬಂದಾಗ, ಆ ಕಾಗದವನ್ನು ಮೇಜಿನ ಮೇಲಿಟ್ಟರೆ ಚರ್ಚೆಗೆ ಒಂದು ನೆಲೆ ದೊರೆಯುತ್ತದೆ.